ಏರುವೇಗದ ನಡುಕ: ಕಾರಿನ ದೋಷಪತ್ತೆಯ ವಿದ್ಯೆ ನಡೆದುಬಂದ ದಾರಿ

ಸಮವೇಗದಲ್ಲಿ ನೆಮ್ಮದಿಯಾಗಿ ಓಡುವ ಕಾರು, ಚಾಲಕ ಆಕ್ಸಲರೇಟರನ್ನು ಒತ್ತಿದೊಡನೆ ಮೈಯೆಲ್ಲ ನಡುಗತೊಡಗುವುದು ಮೋಟಾರು ವಾಹನದ ಅತ್ಯಂತ ಹಳೆಯ ದೋಷಗಳಲ್ಲಿ ಒಂದು. ತನ್ನ ಕಾರಣವನ್ನು ಸುಲಭವಾಗಿ ಬಿಟ್ಟುಕೊಡದ ದೋಷವೂ ಹೌದು. ನಿಂತ ಕಾರಿನಲ್ಲಿ ಕಾಣಿಸದ, ಇಳಿಜಾರಿನಲ್ಲಿ ತೋರದ, ಪೆಡಲಿನಿಂದ ಕಾಲು ತೆಗೆದೊಡನೆ ಮಾಯವಾಗುವ ಈ ನಡುಕವನ್ನು ಗ್ಯಾರೇಜಿನ ಅಂಗಳದಲ್ಲಿ ಹಿಡಿದು ತೋರಿಸುವುದು ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಕರ್ನಾಟಕದ ಮೆಕ್ಯಾನಿಕ್‌ಗಳು ‘ಜರ್ಕ್’, ‘ಮಿಸ್ಸಿಂಗ್’, ‘ಪಿಕಪ್ ಇಲ್ಲ’ ಎಂಬ ಮಾತುಗಳಿಂದ ಗುರುತಿಸುವ ಈ ತೊಂದರೆಯನ್ನು ಅರಿಯಲು ಕಳೆದ ನೂರಮೂವತ್ತು ವರ್ಷಗಳಲ್ಲಿ ಮನುಷ್ಯರು ಕಿವಿ, ಬೆರಳು, ಮೂಗುಗಳಿಂದ ಮೊದಲ್ಗೊಂಡು ಗಣಕದವರೆಗೆ ನಾನಾ ಸಾಧನಗಳನ್ನು ಬಳಸಿದ್ದಾರೆ. ಆ ಸಾಧನಗಳ ಮತ್ತು ಅವುಗಳ ಹಿಂದಿನ ತರ್ಕದ ಚರಿತ್ರೆಯೇ ವಾಹನ ದುರಸ್ತಿಯೆಂಬ ಕಸುಬಿನ ಚರಿತ್ರೆಯ ಬಹುಪಾಲು ಆಗಿದೆ.

ವೇಗ ಏರುವಾಗಲೇ ನಡುಕ ಹುಟ್ಟುವುದಕ್ಕೆ ಸ್ಪಷ್ಟವಾದ ಭೌತಿಕ ಕಾರಣಗಳಿವೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಬಾಗಿಲು ಅಗಲವಾಗಿ ತೆರೆದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ, ಪಿಸ್ಟನ್ ಮೇಲೇರುವಾಗ ಅಲ್ಲಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವೆ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಹೀಗಾಗಿ ಸವೆದ ಪ್ಲಗ್ಗು, ಬಿರುಕುಬಿಟ್ಟ ತಂತಿ, ದುರ್ಬಲವಾದ ಕಾಯಿಲ್ ಇವೆಲ್ಲ ನಿಧಾನಗತಿಯಲ್ಲಿ ಹೇಗೋ ಕೆಲಸ ಸಾಗಿಸಿ, ಹೊರೆ ಬಿದ್ದ ಕ್ಷಣದಲ್ಲಿ ಸೋಲುತ್ತವೆ. ಅದೇ ಕ್ಷಣದಲ್ಲಿ ಇಂಧನದ ಬೇಡಿಕೆಯೂ ಏರುವುದರಿಂದ ಅರ್ಧ ಮುಚ್ಚಿದ ಫಿಲ್ಟರು, ಬಳಲಿದ ಪಂಪು ತಮ್ಮ ಕೊರತೆಯನ್ನು ತೋರಿಸುತ್ತವೆ. ಎಂಜಿನ್ನು ಶಾಫ್ಟುಗಳನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಹೆಚ್ಚಾದಾಗ ಅದನ್ನು ಚಕ್ರಗಳಿಗೆ ಸಾಗಿಸುವ ಕೀಲುಗಳೂ ಎಂಜಿನ್ನನ್ನು ಹಿಡಿದಿರುವ ರಬ್ಬರಿನ ಆಸರೆಗಳೂ ತಮ್ಮ ಸವೆತವನ್ನು ಬಯಲು ಮಾಡುತ್ತವೆ.

ಆದ್ದರಿಂದ ನಡುಕದ ಮೂಲಗಳು ಎರಡು ದೊಡ್ಡ ಬಣಗಳಾಗಿ ಬೀಳುತ್ತವೆ: ಇಂಧನ ಸರಿಯಾಗಿ ಉರಿಯದೆ ಎಂಜಿನ್ನಿನೊಳಗೇ ಹುಟ್ಟುವ ನಡುಕ ಒಂದು, ಎಂಜಿನ್ನು ಸಮರ್ಪಕವಾಗಿದ್ದರೂ ಅದರ ಶಕ್ತಿ ಚಕ್ರ ತಲುಪುವ ದಾರಿಯಲ್ಲಿ ಹುಟ್ಟುವ ನಡುಕ ಇನ್ನೊಂದು. ಈ ಎರಡನ್ನು ಬೇರ್ಪಡಿಸುವ ಸಾಮರ್ಥ್ಯವೇ ಒಳ್ಳೆಯ ಮೆಕ್ಯಾನಿಕ್‌ನ ಮೊದಲ ಗುರುತು. ಉಪಕರಣಗಳು ತಲೆಮಾರಿಗೊಮ್ಮೆ ಬದಲಾದರೂ, ಒಂದೊಂದೇ ಸಾಧ್ಯತೆಯನ್ನು ಪರೀಕ್ಷಿಸಿ ತಳ್ಳಿಹಾಕುತ್ತ ಕಾರಣದ ಕಡೆಗೆ ಸಾಗುವ ಕ್ರಮ ಬದಲಾಗಿಲ್ಲ; ಆ ಕ್ರಮವನ್ನು ಕೈಬಿಟ್ಟು ಬಿಡಿಭಾಗಗಳನ್ನು ಸುಮ್ಮನೆ ಬದಲಿಸುತ್ತ ಹೋದಾಗಲೆಲ್ಲ ಕಸುಬು ಸೊರಗಿದೆ.

ಕಿಡಿಯ ಕಾಲ

ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ವಾಹನಕ್ಕೆ 1886ರಲ್ಲಿ ಪೇಟೆಂಟ್ ಪಡೆದಾಗ ಅದನ್ನು ದುರಸ್ತಿ ಮಾಡುವ ಕಸುಬೆಂಬುದೇ ಇರಲಿಲ್ಲ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಆ ವಾಹನವನ್ನು ಓಡಿಸಿದ್ದು ಮೊದಲ ದೀರ್ಘ ಕಾರು ಪ್ರಯಾಣವೆಂದು ಪ್ರಸಿದ್ಧವಾಗಿದೆ. ಅದು ದೋಷಪತ್ತೆಯ ಚರಿತ್ರೆಯ ಮೊದಲ ಅಧ್ಯಾಯವೂ ಹೌದು. ಇಂಧನದ ನಳಿಗೆ ಕಟ್ಟಿಕೊಂಡಾಗ ಆಕೆ ತನ್ನ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳು ಎಂದು ಆ ಪ್ರಯಾಣದ ವೃತ್ತಾಂತ ತಿಳಿಸುತ್ತದೆ. ಒಂದು ಇಂಧನದ ದೋಷ, ಇನ್ನೊಂದು ಕಿಡಿಯ ದೋಷ. ಮುಂದಿನ ನೂರು ವರ್ಷಗಳ ಕಾಲ ಓಡುವಾಗ ಮುಗ್ಗರಿಸುವ ಎಂಜಿನ್ನಿನ ಮುಂದೆ ನಿಂತ ಪ್ರತಿ ಮೆಕ್ಯಾನಿಕ್ ಮೊದಲು ಕೇಳಿಕೊಂಡದ್ದು ಈ ಎರಡರಲ್ಲಿ ಯಾವುದೆಂಬ ಪ್ರಶ್ನೆಯನ್ನೇ.

ಆರಂಭದ ದಶಕಗಳಲ್ಲಿ ಕಿಡಿಯೇ ಹೆಚ್ಚು ಅನುಮಾನಕ್ಕೆ ಗುರಿಯಾಗುತ್ತಿತ್ತು. ಬೆಂಜ್ ಪೇಟೆಂಟ್ ಪಡೆದ ವರ್ಷವೇ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ಕಾರ್ಯಾಗಾರ ತೆರೆದ ರಾಬರ್ಟ್ ಬಾಷ್, ಅಯಸ್ಕಾಂತದ ನೆರವಿನಿಂದ ತಾನೇ ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವ ಮ್ಯಾಗ್ನೆಟೊ ಎಂಬ ಸಾಧನವನ್ನು 1897ರಲ್ಲಿ ಮೋಟಾರು ವಾಹನಕ್ಕೆ ಹೊಂದಿಸಿದನು. ಅವನ ಎಂಜಿನಿಯರ್ ಗಾಟ್‌ಲೋಬ್ ಹೊನಾಲ್ಡ್ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಒಟ್ಟಿಗೆ ರೂಪಿಸಿದ ಮೇಲೆ ವೇಗದ ಎಂಜಿನ್ನುಗಳಿಗೆ ದಾರಿ ತೆರೆಯಿತು. ಅಮೆರಿಕದಲ್ಲಿ 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಕಂಪಿಸುವ ಕಾಯಿಲ್ ಇದ್ದು, ಮರದ ಪೆಟ್ಟಿಗೆಯಲ್ಲಿ ಕುಳಿತ ಆ ನಾಲ್ಕು ಕಾಯಿಲ್‌ಗಳ ಝೇಂಕಾರವನ್ನು ಕಿವಿಗೊಟ್ಟು ಆಲಿಸಿ ಯಾವುದರ ದನಿ ಸೊರಗಿದೆಯೆಂದು ಗುರುತಿಸುವುದು ಸಾಮಾನ್ಯ ರೈತನಿಗೂ ಬರುತ್ತಿತ್ತು. ಹೀಗೆ ಮೋಟಾರಿನ ದೋಷಪತ್ತೆ ಮೊದಲಿಗೆ ಶ್ರವಣದ ವಿದ್ಯೆಯಾಗಿ ಹಬ್ಬಿತು.

ಚಾರ್ಲ್ಸ್ ಕೆಟರಿಂಗ್ ಓಹಾಯೊ ರಾಜ್ಯದ ಡೇಟನ್‌ನಲ್ಲಿ ರೂಪಿಸಿ 1910ರ ಕ್ಯಾಡಿಲ್ಯಾಕ್ ಕಾರುಗಳಿಗೆ ಒದಗಿಸಿದ ಬ್ಯಾಟರಿ ಆಧಾರಿತ ಕಿಡಿವ್ಯವಸ್ಥೆ ಮುಂದಿನ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಜಗತ್ತಿನ ಬಹುತೇಕ ಕಾರುಗಳ ಮಾದರಿಯಾಯಿತು. ಇದರಲ್ಲಿ ಬ್ಯಾಟರಿಯಿಂದ ಬರುವ ಆರು ಅಥವಾ ಹನ್ನೆರಡು ವೋಲ್ಟ್‌ಗಳ ಪ್ರವಾಹವನ್ನು ‘ಪಾಯಿಂಟ್’ ಎಂಬ ಪುಟ್ಟ ಲೋಹದ ಸಂಪರ್ಕಬಿಂದುಗಳು ಥಟ್ಟನೆ ಕಡಿದಾಗ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್‌ಗಳು ಹುಟ್ಟುತ್ತವೆ. ಡಿಸ್ಟ್ರಿಬ್ಯೂಟರ್ ಎಂಬ ತಿರುಗುವ ಹಂಚಿಕೆಯ ಸಾಧನ ಅದನ್ನು ಸರದಿಯಂತೆ ಪ್ಲಗ್ಗುಗಳಿಗೆ ಕಳಿಸುತ್ತದೆ. ಪಾಯಿಂಟ್ ಸುಟ್ಟುಹೋಗದಂತೆ ಕಂಡೆನ್ಸರ್ ಎಂಬ ಸಣ್ಣ ಡಬ್ಬಿ ಕಾಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಈ ಏರ್ಪಾಟು ಸೆಕೆಂಡಿಗೆ ನೂರು ಸಲ ಕಿಡಿ ಒದಗಿಸಬೇಕು. ಪಾಯಿಂಟುಗಳ ನಡುವಿನ ಅಂತರ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು ಹೆಚ್ಚುಕಡಿಮೆಯಾದರೂ, ಕಂಡೆನ್ಸರ್ ಸೋರಿದರೂ, ಹಂಚಿಕೆಯ ಮುಚ್ಚಳದೊಳಗೆ ತೇವ ಕುಳಿತರೂ ಆ ನೂರರಲ್ಲಿ ಕೆಲವು ಕಿಡಿಗಳು ತಪ್ಪುತ್ತಿದ್ದವು. ಕಿಡಿ ತಪ್ಪಿದ ಸಿಲಿಂಡರು ಶಕ್ತಿ ಕೊಡದೆ ಸುಮ್ಮನೆ ಎಳೆಸಿಕೊಳ್ಳುವುದರಿಂದ ಕಾರು ಕುಲುಕುತ್ತಿತ್ತು. ಗ್ಯಾರೇಜಿನವರು ಮಿಸ್ಸಿಂಗ್ ಎನ್ನುವುದು ಇದನ್ನೇ.

ಈ ದೋಷವನ್ನು ಹಿಡಿಯಲು ರೂಢಿಗೆ ಬಂದ ಪರೀಕ್ಷೆಯಲ್ಲಿ ಪ್ರಯೋಗಶಾಲೆಯ ಶಿಸ್ತೇ ಇದೆ. ಎಂಜಿನ್ನು ಓಡುತ್ತಿರುವಾಗ ಪ್ಲಗ್ಗುಗಳ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡಬೇಕು. ಆರೋಗ್ಯವಾಗಿರುವ ಸಿಲಿಂಡರಿನ ತಂತಿ ಕಳಚಿದರೆ ಎಂಜಿನ್ನಿನ ಗತಿ ಕುಸಿಯುತ್ತದೆ, ದೋಷವಿರುವ ಸಿಲಿಂಡರಿನ ತಂತಿ ಕಳಚಿದರೆ ಏನೂ ಬದಲಾಗುವುದಿಲ್ಲ. ಮಿಕ್ಕ ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡು ಒಂದನ್ನು ಮಾತ್ರ ಬದಲಿಸಿ ಪರಿಣಾಮವನ್ನು ಗಮನಿಸುವ ಈ ಪದ್ಧತಿಯನ್ನು ಶಾಲೆಯ ಮೆಟ್ಟಿಲು ಹತ್ತದ ಕೆಲಸಗಾರರೂ ಕರಗತ ಮಾಡಿಕೊಂಡಿದ್ದರು. ಆಮೇಲೆ ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣ ನೋಡಲಾಗುತ್ತಿತ್ತು: ತಿಳಿಗಂದು ಬಣ್ಣವಿದ್ದರೆ ದಹನ ಸರಿಯಿದೆ, ಒಣಗಿದ ಕಪ್ಪು ಮಸಿಯಿದ್ದರೆ ಇಂಧನ ಅತಿಯಾಗಿದೆ, ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ಬಳೆಗಳು ಸವೆದಿವೆ, ಬೆಳ್ಳಗೆ ಬೆಂದಂತಿದ್ದರೆ ಇಂಧನ ಸಾಲದೆ ಅಥವಾ ಕಿಡಿಯ ಸಮಯ ತಪ್ಪಿ ಶಾಖ ಮಿತಿಮೀರಿದೆ.

ಇಂಧನದ ಪಾಲು

ಕಿಡಿ ಸರಿಯಿದ್ದೂ ನಡುಕ ನಿಲ್ಲದಿದ್ದರೆ ಗಮನ ಕಾರ್ಬ್ಯುರೇಟರಿನ ಕಡೆಗೆ ಹೊರಳುತ್ತಿತ್ತು. ಗಾಳಿಯ ಸೆಳೆತದಿಂದ ಪೆಟ್ರೋಲನ್ನು ಹನಿಹನಿಯಾಗಿ ಚಿಮ್ಮಿಸಿ ಬೆರೆಸುವ ಈ ಸಾಧನವನ್ನು ವಿಲ್‌ಹೆಲ್ಮ್ ಮೇಬಾಕ್ 1893ರ ಹೊತ್ತಿಗೆ ರೂಪಿಸಿದ ಮೇಲೆ ಅದು ಸುಮಾರು ಒಂದು ಶತಮಾನ ಕಾಲ ಪೆಟ್ರೋಲ್ ಕಾರಿನ ಉಸಿರಾಟದ ಅಂಗವಾಗಿತ್ತು. ಆದರೆ ಅದರಲ್ಲಿ ಹುಟ್ಟಿನಿಂದಲೇ ಬಂದ ಒಂದು ಕೊರತೆಯಿತ್ತು. ಚಾಲಕ ಪೆಡಲನ್ನು ಒಮ್ಮೆಲೇ ಒತ್ತಿದಾಗ ಹಗುರವಾದ ಗಾಳಿ ತಕ್ಷಣ ನುಗ್ಗುತ್ತದೆ, ಭಾರವಾದ ಪೆಟ್ರೋಲು ತಡವಾಗಿ ಬರುತ್ತದೆ. ಆ ಕ್ಷಣಕಾಲ ಮಿಶ್ರಣ ತೆಳುವಾಗಿ ಎಂಜಿನ್ನು ತಡವರಿಸುತ್ತದೆ. ಈ ಕೊರತೆ ತುಂಬಲು ಪೆಡಲಿನ ಚಲನೆಯೊಂದಿಗೇ ಸ್ವಲ್ಪ ಹೆಚ್ಚಿನ ಪೆಟ್ರೋಲನ್ನು ಚಿಮುಕಿಸುವ ಆಕ್ಸಲರೇಟರ್ ಪಂಪನ್ನು ಅನೇಕ ಕಾರ್ಬ್ಯುರೇಟರುಗಳಿಗೆ ಸೇರಿಸಲಾಯಿತು, ಆದರೆ ಆ ಪಂಪಿನ ತೆಳುಪೊರೆ ಹರಿದಾಗ ಹಳೆಯ ತಡವರಿಕೆ ಮರಳಿ ಬರುತ್ತಿತ್ತು. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ ಸೀಳಿ ಹೊರಗಾಳಿ ಕದ್ದು ಒಳನುಗ್ಗಿದರೂ, ಜೆಟ್ ಎಂಬ ಅಳತೆಯ ರಂಧ್ರದಲ್ಲಿ ಕಸ ಕುಳಿತರೂ ಫಲ ಒಂದೇ ಆಗಿತ್ತು.

ಇಂಧನದ ಗುಣವೂ ಇದರಲ್ಲಿ ಪಾತ್ರ ವಹಿಸಿತು. ಹೊರೆ ಬಿದ್ದಾಗ ಮಿಶ್ರಣದ ಒಂದು ಭಾಗ ಜ್ವಾಲೆ ತಲುಪುವ ಮೊದಲೇ ತಾನಾಗಿ ಸ್ಫೋಟಿಸಿ ಲೋಹಕ್ಕೆ ಬಡಿದಂತೆ ಸದ್ದು ಮಾಡುವುದನ್ನು ನಾಕಿಂಗ್ ಎನ್ನುತ್ತಾರೆ. ಇದನ್ನು ತಡೆಯಲು ಕೆಟರಿಂಗ್‌ನ ಕೈಕೆಳಗೆ ಜನರಲ್ ಮೋಟಾರ್ಸ್‌ನಲ್ಲಿ ಸಂಶೋಧನೆ ನಡೆಸುತ್ತಿದ್ದ ಥಾಮಸ್ ಮಿಜ್ಲಿ 1921ರ ಡಿಸೆಂಬರ್‌ನಲ್ಲಿ ಸೀಸದ ಸಂಯುಕ್ತವೊಂದು ಪರಿಣಾಮಕಾರಿಯೆಂದು ಕಂಡುಕೊಂಡನು, 1923ರಲ್ಲಿ ಸೀಸ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂದಿತು. ನಾಕಿಂಗ್ ಕಡಿಮೆಯಾಯಿತು, ಆದರೆ ಸೀಸದ ಪದರ ಪ್ಲಗ್ಗಿನ ಪಿಂಗಾಣಿಯ ಮೇಲೆ ಗಾಜಿನಂತೆ ಕುಳಿತು, ಬಿಸಿಯೇರಿದಾಗ ವಿದ್ಯುತ್ತನ್ನು ತನ್ನ ಮೂಲಕ ಸೋರಗೊಟ್ಟು, ವೇಗ ಏರುವಾಗಲೇ ಕಿಡಿ ತಪ್ಪಿಸುವ ಹೊಸ ದೋಷವನ್ನು ತಂದಿತು. ಆ ವಿಷಕ್ಕೆ ಜನರ ರಕ್ತ, ಮಕ್ಕಳ ಮಿದುಳು ತೆತ್ತ ಬೆಲೆಯಂತೂ ಯಾವ ಎಂಜಿನ್ನಿನ ನಯಕ್ಕಿಂತಲೂ ದೊಡ್ಡದು. ಭಾರತದಲ್ಲಿ ಸೀಸದ ಪೆಟ್ರೋಲು 2000ದ ಫೆಬ್ರವರಿಯಲ್ಲಿ ಪೂರ್ತಿಯಾಗಿ ನಿಂತದ್ದು ಸಾರ್ವಜನಿಕ ಆರೋಗ್ಯದ ಗೆಲುವು.

ಚಕ್ರದ ಕಡೆಯ ನಡುಕ

ಎರಡನೆಯ ಬಣದ ದೋಷಗಳ ಮೂಲ ಮೋಟಾರಿಗಿಂತ ಹಳೆಯದು. ಕೋನದಲ್ಲಿರುವ ಎರಡು ದಂಡಗಳನ್ನು ಜೋಡಿಸಿ ಒಂದರ ತಿರುಗುವಿಕೆಯನ್ನು ಇನ್ನೊಂದಕ್ಕೆ ದಾಟಿಸುವ ಶಿಲುಬೆಯಾಕಾರದ ಕೀಲು, ಹದಿನಾರನೆಯ ಶತಮಾನದ ಇಟಲಿಯ ವಿದ್ವಾಂಸ ಜಿರೋಲಾಮೊ ಕಾರ್ಡಾನೊ ಮತ್ತು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇವರ ಹೆಸರುಗಳೊಂದಿಗೆ ಸೇರಿಕೊಂಡಿದೆ. ಈ ಕೀಲಿಗೆ ಒಂದು ಸಹಜ ಮಿತಿಯಿದೆ: ಒಳಬರುವ ದಂಡ ಸಮಗತಿಯಲ್ಲಿ ತಿರುಗಿದರೂ ಹೊರಹೋಗುವ ದಂಡದ ಗತಿ ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿಳಿಯುತ್ತದೆ, ಕೋನ ಹೆಚ್ಚಿದಷ್ಟೂ ಏರಿಳಿತ ಹೆಚ್ಚುತ್ತದೆ. ಮುಂದೆ ಎಂಜಿನ್ನು, ಹಿಂದೆ ಚಾಲನೆಯ ಚಕ್ರಗಳಿದ್ದ ಹಳೆಯ ಕಾರುಗಳಲ್ಲಿ ಪ್ರೊಪೆಲರ್ ಶಾಫ್ಟ್ ಎಂಬ ಉದ್ದನೆಯ ದಂಡದ ಎರಡೂ ತುದಿಗೆ ಇಂಥ ಕೀಲುಗಳನ್ನಿಟ್ಟು, ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುವಂತೆ ಮಾಡಲಾಗುತ್ತಿತ್ತು. ಬಿಚ್ಚಿ ಜೋಡಿಸುವಾಗ ಎರಡು ಕೀಲುಗಳ ದಿಕ್ಕು ತಪ್ಪಿದರೆ ಅಥವಾ ನಮ್ಮ ಗ್ಯಾರೇಜುಗಳಲ್ಲಿ ‘ಕ್ರಾಸ್’ ಎನ್ನುವ ಶಿಲುಬೆಯ ಬೇರಿಂಗ್ ಸವೆದರೆ ಕಾರು ಏರುವೇಗದಲ್ಲಿ ಗುಡುಗಿದಂತೆ ನಡುಗುತ್ತಿತ್ತು.

ಮುಂಚಕ್ರಗಳಿಗೇ ಚಾಲನೆ ಕೊಡುವ ಕಾರುಗಳಲ್ಲಿ, ಚಕ್ರ ಹೊರಳುವಾಗ ಕೋನ ತೀರ ದೊಡ್ಡದಾಗುವುದರಿಂದ, ಗತಿಯ ಏರಿಳಿತವೇ ಇಲ್ಲದ ಕೀಲು ಬೇಕಾಯಿತು. ಫ್ರಾನ್ಸಿನಲ್ಲಿ ಜಾನ್ ಆಲ್ಬರ್ಟ್ ಗ್ರೆಗ್ವಾರ್ ಮತ್ತು ಪಿಯರ್ ಫೆನಾಯ್ 1926ರಲ್ಲಿ ಟ್ರಾಕ್ಟಾ ಕೀಲನ್ನೂ, ಫೋರ್ಡ್ ಸಂಸ್ಥೆಯ ಎಂಜಿನಿಯರ್ ಆಲ್ಫ್ರೆಡ್ ಸೆಪ್ಪಾ ಅದೇ ದಶಕದ ಕೊನೆಯಲ್ಲಿ ಆರು ಉಕ್ಕಿನ ಗುಂಡುಗಳ ಕೀಲನ್ನೂ ರೂಪಿಸಿದರು. 1959ರಲ್ಲಿ ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿದ ಪುಟ್ಟ ಮಿನಿ ಕಾರಿನಲ್ಲಿ ಎಂಜಿನ್ನು ಅಡ್ಡಲಾಗಿ ಕುಳಿತು ಮುಂಚಕ್ರಗಳನ್ನು ಓಡಿಸಿದಾಗ ಅದನ್ನು ಸಾಧ್ಯಗೊಳಿಸಿದ್ದು ಸೆಪ್ಪಾ ಮಾದರಿಯ ಕೀಲು. ಗೇರ್‌ಬಾಕ್ಸಿನ ಬದಿಯ ಒಳತುದಿಗೆ ಮೂರು ಉರುಳೆಗಳ ಟ್ರೈಪಾಡ್ ಕೀಲು ಬಳಕೆಗೆ ಬಂದಿತು. ಏರುವೇಗದ ನಡುಕಕ್ಕೂ ಈ ಒಳಗಿನ ಕೀಲಿಗೂ ಹತ್ತಿರದ ನಂಟಿದೆ: ಉರುಳೆಗಳು ತಾವು ಜಾರುವ ಹಾದಿಯಲ್ಲಿ ಗುಳಿ ಕೊರೆದಿದ್ದರೆ ಟಾರ್ಕ್ ಹೆಚ್ಚಿದಾಗ ಅವು ಆ ಗುಳಿಗಳಲ್ಲಿ ಸಿಕ್ಕಿ, ಪ್ರತಿ ಸುತ್ತಿಗೆ ಮೂರು ಸಲ ಕಾರನ್ನು ಎಡಬಲಕ್ಕೆ ತಳ್ಳುತ್ತವೆ, ಪೆಡಲು ಬಿಟ್ಟೊಡನೆ ನಡುಕ ನಿಲ್ಲುತ್ತದೆ. ಹೊರಗಿನ ಕೀಲು ಸವೆದರೆ ತಿರುವಿನಲ್ಲಿ ‘ಕಟಕಟ’ ಸದ್ದು, ಒಳಗಿನದು ಸವೆದರೆ ನೇರ ರಸ್ತೆಯಲ್ಲಿ ನಡುಕ ಎಂಬ ಭೇದವನ್ನು ಅನುಭವಿಗಳು ಇಂದಿಗೂ ದಾರಿತೋರುವ ಸೂತ್ರವಾಗಿ ಬಳಸುತ್ತಾರೆ.

ಎಂಜಿನ್ನನ್ನು ಚೌಕಟ್ಟಿಗೆ ಕಟ್ಟುವ ಬಗೆಯೂ ನಡುಕದ ಚರಿತ್ರೆಗೆ ಸೇರುತ್ತದೆ. ಆರಂಭದ ಎಂಜಿನ್ನುಗಳನ್ನು ಬಿಗಿಯಾಗಿ ಬೋಲ್ಟ್ ಮಾಡುತ್ತಿದ್ದುದರಿಂದ ಅವುಗಳ ಪ್ರತಿ ಮಿಡಿತವೂ ಆಸನಕ್ಕೆ ತಲುಪುತ್ತಿತ್ತು. 1931ರಲ್ಲಿ ಕ್ರೈಸ್ಲರ್ ಸಂಸ್ಥೆ ತನ್ನ ಪ್ಲಿಮತ್ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ಹೆಸರಿನಲ್ಲಿ, ಎಂಜಿನ್ನು ತನ್ನ ಭಾರಕೇಂದ್ರದ ಮೂಲಕ ಹಾದುಹೋಗುವ ಅಕ್ಷದ ಸುತ್ತ ತೂಗಾಡುವಂತೆ ರಬ್ಬರಿನ ಆಸರೆಗಳನ್ನು ಅಳವಡಿಸಿತು. ಫ್ರಾನ್ಸಿನ ಸಿಟ್ರೊಯನ್ ಮರುವರ್ಷವೇ ಅದರ ಹಕ್ಕು ಪಡೆದು ತನ್ನ ಕಾರುಗಳ ಮೇಲೆ ಹಂಸದ ಲಾಂಛನವನ್ನಿಟ್ಟಿತು. ಈ ರಬ್ಬರು ಹರಿದಾಗ ವೇಗ ಏರಿಸಿದೊಡನೆ ಎಂಜಿನ್ನು ಒಂದು ಬದಿಗೆ ವಾಲಿ ಚೌಕಟ್ಟಿಗೆ ತಾಗುತ್ತದೆ. ಕ್ಲಚ್ಚಿನ ನಡುಕದ ಸ್ವಭಾವ ಬೇರೆ: ಎಣ್ಣೆ ತಾಗಿದ ಅಥವಾ ಅಸಮವಾಗಿ ಸವೆದ ಕ್ಲಚ್ ತಟ್ಟೆ ಒಮ್ಮೆ ಹಿಡಿದು ಒಮ್ಮೆ ಜಾರುತ್ತ, ನಿಂತಲ್ಲಿಂದ ಹೊರಡುವಾಗ ಮಾತ್ರ ಕಾರನ್ನು ಅದುರಿಸುತ್ತದೆ.

ತಾನಾಗಿ ಗೇರು ಬದಲಿಸುವ ಕಾರುಗಳಲ್ಲಿ ಈ ಹಿಡಿತ ಮತ್ತು ಜಾರಿಕೆಯ ಸಮತೋಲ ಬಹುಮಟ್ಟಿಗೆ ಎಣ್ಣೆಯನ್ನು ಅವಲಂಬಿಸಿದೆ. ಅಮೆರಿಕದ ಅಂಥ ಗೇರ್‌ಬಾಕ್ಸುಗಳ ಎಣ್ಣೆಗೆ, ತಟ್ಟೆಗಳು ನಯವಾಗಿ ಹಿಡಿಯಲೆಂದು ದಶಕಗಳ ಕಾಲ ಸ್ಪರ್ಮ್ ತಿಮಿಂಗಿಲದ ಎಣ್ಣೆಯಿಂದ ತಯಾರಿಸಿದ ಘಟಕವನ್ನು ಬೆರೆಸಲಾಗುತ್ತಿತ್ತು. 1970ರ ದಶಕದ ಆರಂಭದಲ್ಲಿ ಅಳಿವಿನಂಚಿನ ಆ ಪ್ರಾಣಿಯ ರಕ್ಷಣೆಗಾಗಿ ಅಮೆರಿಕ ತಿಮಿಂಗಿಲದ ಎಣ್ಣೆಯನ್ನು ನಿಷೇಧಿಸಿದಾಗ ರಸಾಯನತಜ್ಞರು ಬದಲಿ ಘಟಕಗಳನ್ನು ಹುಡುಕಬೇಕಾಯಿತು. ಇಂದಿಗೂ ಸ್ವಯಂಚಾಲಿತ ಗೇರಿನ ಕಾರು ಮೆಲ್ಲನೆ ವೇಗ ಏರಿಸುವಾಗ ಒರಟು ರಸ್ತೆಯ ಮೇಲೆ ಹೋದಂತೆ ನಡುಗಿದರೆ, ಮೊದಲು ನೋಡಬೇಕಾದದ್ದು ಆ ಎಣ್ಣೆಯ ವಯಸ್ಸು ಮತ್ತು ತರಗತಿ.

ಬೆಂಗಳೂರು ಮತ್ತು ಗ್ಯಾರೇಜಿನ ವಿದ್ಯೆ

ಭಾರತದಲ್ಲಿ ಮೋಟಾರು ಉದ್ಯಮದ ಕನಸಿಗೂ ಮೈಸೂರು ಸಂಸ್ಥಾನಕ್ಕೂ ಹಳೆಯ ಸಂಬಂಧವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದು, ದೇಶದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದ್ದರೂ ಬ್ರಿಟಿಷ್ ಆಡಳಿತದ ಬೆಂಬಲ ದೊರೆಯದೆ ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆ ಕೈಗೂಡಲಿಲ್ಲ. ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನೂ ಸ್ಥಾಪಿಸಿದರು. 1942ರಲ್ಲಿ ಸ್ಥಾಪನೆಯಾಗಿದ್ದ ಹಿಂದುಸ್ತಾನ್ ಮೋಟಾರ್ಸ್ ಮುಂದೆ ಬಂಗಾಳದ ಉತ್ತರಪಾರಾದಿಂದ ಅಂಬಾಸಿಡರನ್ನು ಹೊರತಂದಿತು. ಬೆಂಗಳೂರಿಗೆ ಕಾರು ತಪ್ಪಿದರೂ ಕಾರಿನ ಕಿಡಿ ದಕ್ಕಿತು.

ರಾಬರ್ಟ್ ಬಾಷ್ ಸ್ಥಾಪಿಸಿದ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಕನ್ನಡಿಗರು ಮೈಕೊ ಎಂದೇ ಬಲ್ಲ ಸಂಸ್ಥೆ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಪಂಪುಗಳನ್ನೂ ತಯಾರಿಸಿತು. ದೇಶದ ಹಳ್ಳಿಯ ಗ್ಯಾರೇಜುಗಳವರೆಗೂ ಮೈಕೊ ಪ್ಲಗ್ಗು ತಲುಪಿತು, ಟ್ರಾಕ್ಟರು ಮತ್ತು ಲಾರಿಗಳ ಪಂಪುಗಳನ್ನು ಅಳತೆಗೆ ಹೊಂದಿಸುವುದೇ ಪ್ರತ್ಯೇಕ ಕಸುಬಾಗಿ ಬೆಳೆಯಿತು, ಕಾರ್ಖಾನೆಯ ತರಬೇತಿ ಕೇಂದ್ರದಿಂದ ಹೊರಬಂದ ಕುಶಲಕರ್ಮಿಗಳಿಗೆ ಎಲ್ಲೆಡೆ ಮನ್ನಣೆಯಿತ್ತು. ಸಂಸ್ಥೆಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾದರೂ ಮೈಕೊ ಲೇಔಟ್ ಎಂಬ ಬಡಾವಣೆಯ ಹೆಸರು ನಗರದಲ್ಲಿ ಉಳಿದಿದೆ.

ಸ್ವಾತಂತ್ರ್ಯಾನಂತರದ ನಾಲ್ಕು ದಶಕಗಳಲ್ಲಿ ಹೊಸ ಕಾರು ಕೊಳ್ಳಲು ವರ್ಷಗಟ್ಟಲೆ ಕಾಯಬೇಕಿದ್ದುದರಿಂದ ಹಳೆಯ ಕಾರನ್ನು ಬದುಕಿಸಿಕೊಳ್ಳುವುದು ಅನಿವಾರ್ಯವಾಗಿತ್ತು. ಈ ಅನಿವಾರ್ಯತೆ ದುರಸ್ತಿಯ ಕಸುಬನ್ನು ಅಸಾಧಾರಣ ಮಟ್ಟಕ್ಕೆ ಬೆಳೆಸಿತು. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರಗಳಲ್ಲಿ ಬಿಡಿಭಾಗಗಳ ಅಂಗಡಿಗಳೂ ಗ್ಯಾರೇಜುಗಳೂ ಒತ್ತೊತ್ತಾಗಿ ನೆಲೆಸಿದವು. ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳ ರಚನೆ ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿದದ್ದರಿಂದ ಒಬ್ಬ ಮೇಸ್ತ್ರಿ ಒಂದೇ ಬಗೆಯ ಎಂಜಿನ್ನನ್ನು ಆಳವಾಗಿ ಅರಿಯಲು ಸಾಧ್ಯವಾಯಿತು, ಆ ಅರಿವು ಪುಸ್ತಕವಿಲ್ಲದೆ, ಸ್ಪ್ಯಾನರ್ ಎತ್ತಿಕೊಡುವ ಹುಡುಗನಿಗೆ ಕೈಯಿಂದ ಕೈಗೆ ದಾಟಿತು. ಸೀಮೆಎಣ್ಣೆ ಬೆರೆಸಿದ ಪೆಟ್ರೋಲನ್ನು ವಾಸನೆಯಿಂದ ಹಿಡಿಯುವುದು, ಪಾಯಿಂಟನ್ನು ಮರಳುಕಾಗದದಿಂದ ತಿಕ್ಕಿ ಫೀಲರ್ ಗೇಜ್ ಎಂಬ ತೆಳುತಗಡಿನಿಂದ ಅಂತರ ಅಳೆಯುವುದು, ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಎಂಜಿನ್ನಿನ ಒಳದನಿ ಆಲಿಸುವುದು ಇವೆಲ್ಲ ಆ ಶಿಕ್ಷಣದ ಪಾಠಗಳಾಗಿದ್ದವು. 1950ರ ಬಳಿಕ ಸ್ಥಾಪನೆಯಾದ ಕೈಗಾರಿಕಾ ತರಬೇತಿ ಸಂಸ್ಥೆಗಳು ಇದಕ್ಕೆ ಪಠ್ಯಕ್ರಮ ಕೊಟ್ಟವು, 1961ರ ಅಪ್ರೆಂಟಿಸ್ ಕಾಯಿದೆ ಕಾರ್ಖಾನೆಗಳ ಬಾಗಿಲು ತೆರೆಯಿತು. ಆದರೂ ಈ ಜ್ಞಾನದ ಬಹುಭಾಗ ಬರಹಕ್ಕೆ ಇಳಿಯದೆ, ಅದನ್ನು ಹೊತ್ತವರೊಂದಿಗೇ ಮರೆಯಾಗುತ್ತಿರುವುದು ಕನ್ನಡದ ತಾಂತ್ರಿಕ ಸಾಹಿತ್ಯಕ್ಕೆ ಆದ ನಿಜವಾದ ನಷ್ಟ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಈ ವಿದ್ಯೆಗೆ ಹೊಸ ಪಾಠಗಳನ್ನು ಸೇರಿಸಿತು. ಅದರ 796 ಸಿಸಿ ಎಂಜಿನ್ನಿನಲ್ಲಿ ಮೂರೇ ಸಿಲಿಂಡರುಗಳಿದ್ದುದರಿಂದ ಒಂದು ತಪ್ಪಿದರೆ ಶಕ್ತಿಯ ಮೂರನೆಯ ಒಂದು ಪಾಲೇ ಹೋಗಿ, ನಡುಕ ಅಂಬಾಸಿಡರಿಗಿಂತ ಉಗ್ರವಾಗಿ ತೋರುತ್ತಿತ್ತು. ಮುಂಚಕ್ರ ಚಾಲನೆಯಿದ್ದುದರಿಂದ ಉದ್ದನೆಯ ಪ್ರೊಪೆಲರ್ ಶಾಫ್ಟು ಮಾಯವಾಗಿ, ರಬ್ಬರಿನ ಬೂಟು ತೊಟ್ಟ ಗಿಡ್ಡ ದಂಡಗಳೂ ಅವುಗಳ ಕೀಲುಗಳೂ ಬಂದವು. ಬೂಟು ಹರಿದು ಗ್ರೀಸು ಚೆಲ್ಲಿ ಧೂಳು ಸೇರಿದರೆ ಕೀಲಿನ ಆಯುಸ್ಸು ಮುಗಿಯಿತೆಂಬುದನ್ನು ಒಂದು ಇಡೀ ತಲೆಮಾರು ಈ ಕಾರಿನಿಂದ ಕಲಿಯಿತು.

ಗಣಕ ಹೇಳುವುದು, ಹೇಳದಿರುವುದು

ಕಸುಬನ್ನು ಬುಡಸಹಿತ ಬದಲಿಸಿದ್ದು ಶುದ್ಧ ಗಾಳಿಗಾಗಿ ಬಂದ ಕಾನೂನುಗಳು. ಕಾರ್ಬ್ಯುರೇಟರಿನ ಬದಲು ವಿದ್ಯುನ್ಮಾನದ ಆಣತಿಯಂತೆ ಪೆಟ್ರೋಲು ಚಿಮ್ಮಿಸುವ ಬಾಷ್‌ನ ಡಿ-ಜೆಟ್ರಾನಿಕ್ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಂದಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ಮಿಶ್ರಣವನ್ನು ಕ್ಷಣಕ್ಷಣಕ್ಕೂ ತಿದ್ದಲು ನೆರವಾಗುವ ಲ್ಯಾಂಬ್ಡಾ ಸಂವೇದಕ 1976ರಲ್ಲಿ ವೋಲ್ವೊ ಕಾರಿನಲ್ಲಿ ಕಾಣಿಸಿತು. ಕಿಡಿ ಮತ್ತು ಇಂಧನ ಎರಡನ್ನೂ ಒಂದೇ ಗಣಕಕ್ಕೆ ಒಪ್ಪಿಸಿದ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯು ಕಾರಿಗೆ ಬಂದಿತು. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಅಳವಟ್ಟ ಮೇಲೆ ಮಿಸ್ಸಿಂಗ್ ಕೇವಲ ಸುಖದ ಪ್ರಶ್ನೆಯಾಗಿ ಉಳಿಯಲಿಲ್ಲ. ಸಿಲಿಂಡರಿನಲ್ಲಿ ಉರಿಯದೆ ಹೊರಬಂದ ಪೆಟ್ರೋಲು ಕನ್ವರ್ಟರಿನಲ್ಲಿ ಉರಿದು, ಅದರ ಒಳಗಿನ ಜೇನುಗೂಡಿನಂಥ ರಚನೆಯನ್ನೇ ಕರಗಿಸಬಲ್ಲದು. ಹಳೆಯ ಕಾಲದ ತಂತಿ ಕಳಚುವ ಪರೀಕ್ಷೆ ಹೊಸ ಕಾರುಗಳಿಗೆ ಅಪಾಯಕಾರಿಯಾದದ್ದು ಇದರಿಂದಲೂ, ಹೆಚ್ಚಿನ ವೋಲ್ಟೇಜು ದಾರಿ ತಪ್ಪಿ ವಿದ್ಯುನ್ಮಾನ ಭಾಗಗಳನ್ನು ಸುಡುವ ಸಾಧ್ಯತೆಯಿಂದಲೂ.

ಕಾರು ತನ್ನ ದೋಷವನ್ನು ತಾನೇ ದಾಖಲಿಸಿಕೊಳ್ಳಬೇಕೆಂಬ ನಿಯಮವನ್ನು ಕ್ಯಾಲಿಫೋರ್ನಿಯಾ ರಾಜ್ಯ 1988ರ ಮಾದರಿಗಳಿಂದ ಜಾರಿಗೆ ತಂದಿತು. ಓಬಿಡಿ-2 ಎಂಬ ಏಕರೂಪದ ವ್ಯವಸ್ಥೆ 1996ರ ಮಾದರಿಗಳಿಂದ ಅಮೆರಿಕದ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಇದು ಮಿಸ್ಸಿಂಗನ್ನು ಗುರುತಿಸುವ ಬಗೆ ಸರಳವೂ ಸೂಕ್ಷ್ಮವೂ ಆಗಿದೆ. ಪ್ರತಿ ದಹನವೂ ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಶಾಫ್ಟಿಗೆ ಒಂದು ತಳ್ಳು ಕೊಡುತ್ತದೆ, ದಹನ ತಪ್ಪಿದರೆ ಆ ದಂಡದ ಗತಿ ಕ್ಷಣಾರ್ಧ ಕುಗ್ಗುತ್ತದೆ. ಅದರ ಹಲ್ಲುಗಳನ್ನು ಎಣಿಸುವ ಸಂವೇದಕ ಆ ಕುಗ್ಗುವಿಕೆಯನ್ನು ಗಮನಿಸಿ, ಯಾವ ಸಿಲಿಂಡರಿನ ಸರದಿಯಲ್ಲಿ ಅದು ನಡೆಯಿತೆಂದು ಲೆಕ್ಕ ಹಾಕುತ್ತದೆ. ಪಿ 0301 ಎಂದರೆ ಮೊದಲ ಸಿಲಿಂಡರು, ಪಿ 0302 ಎಂದರೆ ಎರಡನೆಯದು, ಪಿ 0300 ಎಂದರೆ ಯಾವುದೆಂದು ಖಚಿತವಿಲ್ಲದ ಅಥವಾ ಹಲವು ಸಿಲಿಂಡರುಗಳಲ್ಲಿನ ದೋಷ; ಕನ್ವರ್ಟರಿಗೆ ಹಾನಿಯಾಗುವಷ್ಟು ದೋಷವಿದ್ದರೆ ಎಚ್ಚರಿಕೆಯ ದೀಪ ಮಿನುಗುತ್ತದೆ. ಭಾರತದ ಮಹಾನಗರಗಳಲ್ಲಿ 1995ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಬಂದಿತು, 2000ದ ಸುಮಾರಿಗೆ ಕಾರ್ಬ್ಯುರೇಟರು ಹಿಂದೆ ಸರಿದು ಎಂಪಿಎಫ್‌ಐ ಎಂಬ ಬಹುಬಿಂದು ಇಂಧನ ಇಂಜೆಕ್ಷನ್ ಹಬ್ಬಿತು, 2010ರ ಭಾರತ್ ಸ್ಟೇಜ್-4 ಹೊಗೆ ನಿಯಮಗಳೊಂದಿಗೆ ಓಬಿಡಿ ಕಾಲಿಟ್ಟಿತು, 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್-6 ಜಾರಿಯಾಯಿತು.

ಆದರೆ ಗಣಕದ ಸಂಕೇತ ಎಲ್ಲಿ ಎಂಬುದನ್ನು ಹೇಳುತ್ತದೆಯೇ ಹೊರತು ಏಕೆ ಎಂಬುದನ್ನು ಹೇಳುವುದಿಲ್ಲ. ಎರಡನೆಯ ಸಿಲಿಂಡರಿನಲ್ಲಿ ದಹನ ತಪ್ಪಿದೆ ಎಂಬ ಸಂಕೇತದ ಹಿಂದೆ ಪ್ಲಗ್ಗು, ಕಾಯಿಲ್, ಇಂಜೆಕ್ಟರ್, ವಾಲ್ವು, ತಂತಿಯ ಸಡಿಲ ಜೋಡಣೆ ಇವುಗಳಲ್ಲಿ ಯಾವುದೂ ಇರಬಹುದು; ಇಲ್ಲಿನ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಕೂಡಿಸಿ, ಸಂಕೇತವೂ ಅದರೊಂದಿಗೆ ಸ್ಥಳ ಬದಲಿಸುತ್ತದೆಯೇ ಎಂದು ನೋಡುವುದೇ ಕಾರಣ ತಿಳಿಯುವ ದಾರಿ. ಇದು ಅಜ್ಜನ ಕಾಲದ ತಂತಿ ಕಳಚುವ ಪರೀಕ್ಷೆಯ ಹೊಸ ರೂಪವೇ ಆಗಿದೆ. ಹಳ್ಳಕೊಳ್ಳದ ರಸ್ತೆಯಲ್ಲಿ ಚಕ್ರಗಳಿಗೆ ಬೀಳುವ ಪೆಟ್ಟು ದಂಡಗಳ ಮೂಲಕ ಕ್ರ್ಯಾಂಕ್ ಶಾಫ್ಟಿನವರೆಗೂ ತಲುಪಿ ಸಂವೇದಕವನ್ನು ದಾರಿತಪ್ಪಿಸಬಲ್ಲದು. ಇದರ ವಿರುದ್ಧವಾಗಿ ಟ್ರೈಪಾಡ್ ಕೀಲು ಸವೆದ ಕಾರು ಆಸನ ಅದುರುವಷ್ಟು ನಡುಗಿದರೂ ಗಣಕದಲ್ಲಿ ಒಂದು ಸಂಕೇತವೂ ದಾಖಲಾಗದಿರಬಹುದು, ಏಕೆಂದರೆ ಆ ಕೀಲಿನಲ್ಲಿ ಸಂವೇದಕವೇ ಇಲ್ಲ.

ಉಳಿದುಬಂದ ತರ್ಕ

ಆದುದರಿಂದ ಇಂದಿನ ಸಮರ್ಥ ಪರೀಕ್ಷೆಯಲ್ಲಿ ಹಳೆಯ ವಿವೇಕವೂ ಹೊಸ ಸಾಧನವೂ ಕೂಡಿರುತ್ತವೆ. ಮೊದಲ ಹೆಜ್ಜೆ ಕಾರನ್ನು ಓಡಿಸಿ ನೋಡುವುದು: ಗೇರು ಹಾಕದೆ ನಿಂತಲ್ಲೇ ಎಂಜಿನ್ನಿನ ಗತಿ ಏರಿಸಿದಾಗಲೂ ನಡುಕವಿದ್ದರೆ ಎಂಜಿನ್ನು ಅಥವಾ ಅದರ ಆಸರೆಗಳನ್ನು ಶಂಕಿಸಬೇಕು, ಓಡುವಾಗ ಮಾತ್ರ ಬಂದು, ಪೆಡಲು ಬಿಟ್ಟೊಡನೆ ನಿಂತರೆ ಹೊರೆಯಲ್ಲಿ ತಪ್ಪುವ ಕಿಡಿ, ಸಾಲದ ಇಂಧನ, ಒಳಗಿನ ಕೀಲು ಇವು ಮೂರೂ ಕಣದಲ್ಲಿವೆ, ಪೆಡಲು ಬಿಟ್ಟು ಕಾರು ತಾನಾಗಿ ಉರುಳುವಾಗಲೂ ಉಳಿದರೆ ಟೈರು ಮತ್ತು ಚಕ್ರದ ಸಮತೋಲ ನೋಡಬೇಕು, ಹೊರಡುವ ಕ್ಷಣಕ್ಕೆ ಮಾತ್ರ ಸೀಮಿತವಾದರೆ ಕ್ಲಚ್ಚು. ಅದೇ ವೇಗದಲ್ಲಿ ಗೇರು ಬದಲಿಸಿ ನೋಡಿದಾಗ ನಡುಕ ಎಂಜಿನ್ನಿನ ಗತಿಯನ್ನು ಹಿಂಬಾಲಿಸುತ್ತದೆಯೋ ಚಕ್ರದ ಗತಿಯನ್ನೋ ಎಂಬುದು ಎರಡು ಬಣಗಳನ್ನು ಖಚಿತವಾಗಿ ಬೇರ್ಪಡಿಸುತ್ತದೆ. ಇದಾದ ಮೇಲಷ್ಟೇ ಸ್ಕ್ಯಾನರ್, ಇಂಧನದ ಒತ್ತಡದ ಮಾಪಕ, ಸಿಲಿಂಡರಿನ ಕಂಪ್ರೆಶನ್ ಅಳೆಯುವ ಮಾಪಕ ಇವುಗಳ ಸರದಿ. ಈ ಕ್ರಮ ತಪ್ಪಿ, ಸಂಕೇತ ಕಂಡೊಡನೆ ದುಬಾರಿ ಭಾಗಗಳನ್ನು ಒಂದರ ಹಿಂದೊಂದು ಬದಲಿಸುವ ಅಭ್ಯಾಸ ಗ್ರಾಹಕನ ಹಣವನ್ನೂ ಕಸುಬಿನ ಗೌರವವನ್ನೂ ಒಟ್ಟಿಗೆ ಕಳೆಯುತ್ತದೆ.

ಇಂಧನದ ಬದಲಾವಣೆಗಳು ಈ ವಿದ್ಯೆಯನ್ನು ಮುಂದೆಯೂ ಪರೀಕ್ಷಿಸಲಿವೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲಿ ಚಾಲನೆ ಪಡೆದ, ಶೇಕಡ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಆಮ್ಲಜನಕದ ಅಂಶ ಹೆಚ್ಚಿರುವುದರಿಂದ, ಜೆಟ್ಟಿನ ಅಳತೆ ಬದಲಾಗದ ಹಳೆಯ ಕಾರ್ಬ್ಯುರೇಟರಿನ ಕಾರುಗಳಲ್ಲಿ ಮಿಶ್ರಣ ತೆಳುವಾಗುತ್ತದೆ. ಅಂಥ ಕಾರು ಏರುವೇಗದಲ್ಲಿ ತಡವರಿಸಿದರೆ ಕಾರಣವನ್ನು ಪ್ಲಗ್ಗಿನಲ್ಲಿ ಮಾತ್ರ ಹುಡುಕಿದರೆ ಸಾಲದು. ವಿದ್ಯುತ್ ಕಾರಿನಲ್ಲಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಬರ್ತಾ ಬೆಂಜ್ ಎದುರಿಸಿದ ಎರಡೂ ದೋಷಗಳು ಅಲ್ಲಿಗೆ ಮುಗಿದವು. ಆದರೆ ಅದರ ಮೋಟಾರು ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡುವುದರಿಂದ ಅಚ್ಚಿನ ಕೀಲುಗಳೂ ರಬ್ಬರಿನ ಆಸರೆಗಳೂ ಹಿಂದೆಂದಿಗಿಂತ ಹೆಚ್ಚಿನ ಪೆಟ್ಟು ತಿನ್ನುತ್ತವೆ, ಏರುವೇಗದ ನಡುಕ ಅಲ್ಲಿಯೂ ಬರುತ್ತದೆ. ಹೀಗಾಗಿ ಹೊಸ ಕಾರುಗಳ ತಂತ್ರಾಂಶ ಕಲಿಯುವ ಯುವ ಮೆಕ್ಯಾನಿಕ್‌ಗೆ ಕೀಲನ್ನು ಕೈಯಲ್ಲಿ ಹಿಡಿದು ಅಲುಗಿಸಿ ಸವೆತ ಅಳೆಯುವ ಪಾಠವೂ ಅಷ್ಟೇ ಅಗತ್ಯವಾಗಿದೆ. ಆ ಪಾಠವನ್ನು ಬಲ್ಲ ಹಿರಿಯರು ಇನ್ನೂ ಗ್ಯಾರೇಜುಗಳಲ್ಲಿ ಇರುವಾಗಲೇ ಅದನ್ನು ಕನ್ನಡದಲ್ಲಿ ಬರೆದಿಡುವ ಕೆಲಸಕ್ಕೆ ತರಬೇತಿ ಸಂಸ್ಥೆಗಳೂ ವಿಶ್ವವಿದ್ಯಾಲಯಗಳೂ ತೊಡಗಬೇಕಾಗಿದೆ.